ಹಿತ್ತಲ ಬೇಲಿಯೊಳಗೆ ಇನ್ನೂರು ವರ್ಷ

ಕಡೂರು ಮತ್ತು ಬೀರೂರಿನ ನಡುವೆ, ಟಾರು ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಊರು. ಹೆಸರು ಹೇಳುವುದಿಲ್ಲ, ಇದರಲ್ಲಿ ಇಬ್ಬರು ದಾಯಾದಿಗಳ ಮನಸ್ತಾಪ ಇದೆ. ನಮ್ಮ ಬಳಗದ ಗೆಳೆಯನ ಚಿಕ್ಕಪ್ಪನ ಮನೆ ಊರ ಕೊನೆಯಲ್ಲಿದೆ. ಹಿತ್ತಲು ಮುಗಿದಲ್ಲಿ ಗ್ರಾಮಠಾಣೆ ಮುಗಿಯುತ್ತದೆ, ಅಲ್ಲಿಂದಾಚೆ ದಾಯಾದಿಯ ಹೊಲ. ನಡುವೆ ಒಂದು ಬೇಲಿ, ಉದ್ದ ಸುಮಾರು ಇಪ್ಪತ್ತು ಮಾರು. ಅಗಲ ಎಷ್ಟು ಅಂತ ಕೇಳಬೇಡಿ. ಇಪ್ಪತ್ತೈದು ವರ್ಷದಿಂದ ಯಾರೂ ಸರಿಯಾಗಿ ಸವರದ ಬೇಲಿ ಅದು. ಹಂದಿ ನುಗ್ಗಿದರೆ ಹೊರಗೆ ಬರುವ ದಾರಿ ಸಿಗದು, ಅಷ್ಟು ದಟ್ಟ.

ಹೊಲದವನ ತಕರಾರು ಸರಳವಾಗಿತ್ತು. "ನಿಮ್ಮ ಬೇಲಿ ನನ್ನ ಹೊಲದೊಳಕ್ಕೆ ನಡಕೊಂಡು ಬಂದೈತೆ. ಸೋಮವಾರ ಜೆಸಿಬಿ ಕರೆಸ್ತೀನಿ. ಬುಡಸಮೇತ ಎತ್ತಿಸ್ತೀನಿ." ಚಿಕ್ಕಪ್ಪನ ಉತ್ತರವೂ ಅಷ್ಟೇ ಸರಳ. "ಜೆಸಿಬಿ ಬಂದ್ರೆ ನಾನು ಅದರ ಮುಂದೆ ಮಲಗ್ತೀನಿ." ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವು ಸುದ್ದಿಯ ತಲೆಬರಹದಲ್ಲಿ ಎಷ್ಟು ಸಲ ಬಳಸಿದ್ದೇವೋ ಲೆಕ್ಕವಿಲ್ಲ. ಗಾದೆಯನ್ನು ಅಕ್ಷರಶಃ ನೋಡಿದ್ದು ಅದೇ ಮೊದಲು.

ಜೆಸಿಬಿ ಬಂದರೆ ಬೇಲಿಯ ಜೊತೆ ಬಾಂದು ಕಲ್ಲೂ ಎದ್ದು ಹೋಗುತ್ತದೆ. ಆಮೇಲೆ ಇಬ್ಬರೂ ಬದುಕಿರುವವರೆಗೆ ಕೋರ್ಟಿಗೆ ಅಲೆಯಬೇಕು. ಅದಕ್ಕೇ ನಾವು ನಾಲ್ಕು ಜನ ಶುಕ್ರವಾರ ಬೆಳಿಗ್ಗೆ ಮಚ್ಚು, ಕುಡುಗೋಲು, ಪಿಕಾಸಿ, ಕವೆಗೋಲು ಹಿಡಿದು ಅಲ್ಲಿಗೆ ಹೋದೆವು. ಸೋಮವಾರದೊಳಗೆ ಕೈಯಲ್ಲೇ ಸವರಿ ಕಲ್ಲು ಹುಡುಕುವುದು ಲೆಕ್ಕ. ರಾಗಿ ಕೊಯ್ಲು ಮುಗಿದು ಕಣ ಖಾಲಿಯಾಗಿತ್ತು. ನಮ್ಮ ಕಡೆ ಬೇಲಿ ಸವರುವ ಕಾಲವೂ ಅದೇ.

ಹೊರಗಿನಿಂದ ಒಳಕ್ಕೆ ಸವರುತ್ತಾ ಹೋದಂತೆ ಒಂದು ವಿಷಯ ಗೊತ್ತಾಯಿತು. ಬೇಲಿಯಲ್ಲಿ ಗಿಡಗಳು ಹೇಗೆಂದರೆ ಹಾಗೆ ಬೆಳೆದಿರಲಿಲ್ಲ. ಹೆಚ್ಚು ಕಡಿಮೆ ಸಾಲು ಸಾಲಾಗಿದ್ದವು. ಹೊರಗೆ ಹೊಸಬರು, ಒಳಗೆ ಹಳಬರು. ಒಬ್ಬೊಬ್ಬರೂ ಒಂದೊಂದು ಕಾಲದಲ್ಲಿ, ಒಂದೊಂದು ಕಾರಣಕ್ಕೆ ಬಂದವರು.

ಮೊದಲು ಎದುರಾದದ್ದು ಬಳ್ಳಾರಿ ಜಾಲಿ. ಕಡೂರಿನಂಥ ಮಳೆ ಕಡಿಮೆಯ ಸೀಮೆಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ಹೆಸರು ಬಳ್ಳಾರಿಯದಾದರೂ ಹುಟ್ಟೂರು ಅಮೆರಿಕ ಖಂಡ. 1877ರಲ್ಲಿ ಜಮೈಕಾದಿಂದ ಬಂದ ಬೀಜವನ್ನು ಕಡಪ ಜಿಲ್ಲೆಯ ಕಮಲಾಪುರದಲ್ಲಿ ಬಿತ್ತಿದ್ದು ಈ ದೇಶದಲ್ಲಿ ಇದರ ಹಳೆಯ ದಾಖಲೆಗಳಲ್ಲೊಂದು. ಬರದ ಸೀಮೆಗೆ ಸೌದೆ ಸಿಗಲಿ, ಬೋಳು ನೆಲ ಹಸಿರಾಗಲಿ ಎಂಬುದು ಆಗಿನ ಅಧಿಕಾರಿಗಳ ಆಸೆ. ಸೌದೆಯೇನೋ ಸಿಕ್ಕಿತು. ಆದರೆ ಇದರ ಸಿಹಿ ಕಾಯಿಯನ್ನು ಕುರಿ, ಮೇಕೆ, ದನ ಇಷ್ಟಪಟ್ಟು ತಿನ್ನುತ್ತವೆ, ಬೀಜ ಜೀರ್ಣವಾಗದೆ ಹಿಕ್ಕೆ ಸಗಣಿಯಲ್ಲಿ ಹೊರಬೀಳುತ್ತದೆ. ಹೊಲಕ್ಕೆ ಕುರಿ ಮಂದೆ ಕೂರಿಸಿದ ಕಡೆಯೆಲ್ಲ ಜಾಲಿ ಮೊಳೆಯುವುದು ಇದರಿಂದಲೇ. ಗೊಬ್ಬರದ ಜೊತೆ ಬೇಲಿಯೂ ಪುಕ್ಕಟೆ ಬಂದ ಹಾಗೆ.

ಜಾಲಿಯ ಕಾಲಡಿಯಲ್ಲಿ ಕಾಂಗ್ರೆಸ್ ಗಿಡ. ಇದು ಇನ್ನೂ ಹೊಸಬ. ಹರಡುತ್ತಿರುವುದು ಮೊದಲು ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ, ಪುಣೆಯಲ್ಲಿ. ಇದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ಒಂದು ದುಂಬಿ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ಜರಡಿಯಾಗಿದ್ದು, ಮೇಲೆ ಬಿಳಿಚಿಕೊಂಡ ಬಣ್ಣದ, ಕಂದು ಪಟ್ಟೆಯ ಪುಟ್ಟ ದುಂಬಿ ಕೂತಿದ್ದರೆ ಅದನ್ನು ಕೊಲ್ಲಬೇಡಿ, ಅದು ನಮ್ಮ ಕೂಲಿಯಾಳು. ತೊಳಲಾಟವೆಂದರೆ ಮಳೆ ನಿಂತ ಮೇಲೆ ಅದು ಮಣ್ಣು ಸೇರುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಬರಿಗೈಯಲ್ಲಿ ಕಿತ್ತು ಮೈ ತುರಿಸಿಕೊಂಡ ನಮ್ಮಲ್ಲೊಬ್ಬನಿಗೆ ಶುಕ್ರವಾರವೇ ರಜೆ ಕೊಡಬೇಕಾಯಿತು.

ಅದರ ಹಿಂದೆ ಲಂಟಾನ. ನಮ್ಮ ಹಿರಿಯರು ಚದುರಂಗಿ ಅಂತಲೂ ಕರೆಯುತ್ತಾರೆ. ಬಣ್ಣಬಣ್ಣದ ಹೂವಿನ ಚೆಂದಕ್ಕೆ ಮರುಳಾಗಿ 1809ರ ಸುಮಾರಿಗೆ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದ ಗಿಡ. ತೋಟದ ಅಂಚಿಗೆ, ಬಂಗಲೆಯ ಬೇಲಿಗೆ ಚೆನ್ನಾಗಿ ಒಪ್ಪುತ್ತದೆ ಎಂದು ಊರೂರಿಗೆ ಹೋಯಿತು. ಹಕ್ಕಿಗಳು ಹಣ್ಣು ತಿಂದು ಕಾಡಿಗೂ ಹಾಕಿದವು. ಇವತ್ತು ತರೀಕೆರೆ ಪಕ್ಕದ ಭದ್ರಾ ಕಾಡಿನ ಅಂಚಿಗೆ ಹೋದರೆ ಮರದ ಕೆಳಗೆ ಹುಲ್ಲಿಗೆ ಜಾಗವಿಲ್ಲದಂತೆ ಇದೇ ತುಂಬಿದೆ.

ಬೇಲಿ ನಡೆಯುವ ಗುಟ್ಟು ಗೊತ್ತಾದದ್ದು ಲಂಟಾನದ ಬುಡದಲ್ಲಿ. ಇದರ ಬಾಗಿದ ಕೊಂಬೆ ಒದ್ದೆ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಮನೆಯವರು ಬೇಲಿ ಸವರುವುದು ಮನೆ ಕಡೆಯಿಂದ ಮಾತ್ರ, ಅಂಗಳ ಚೊಕ್ಕಟವಾಗಿ ಕಂಡರೆ ಸಾಕು ಅಂತ. ಆಚೆ ಕಡೆ ಹೊಲದವನದು, ಅವನೇ ಸವರಿಕೊಳ್ಳಲಿ ಅಂತ ಬಿಡುತ್ತಾರೆ. ಹೊಲದವನು ಬೇಲಿ ಇವರದ್ದು, ಇವರೇ ಸವರಲಿ ಅಂತ ಬಿಡುತ್ತಾನೆ. ಈಚೆ ಕಡೆ ಪ್ರತಿ ವರ್ಷ ಕುಡುಗೋಲು, ಆಚೆ ಕಡೆ ಪ್ರತಿ ವರ್ಷ ಹೊಸ ಬೇರು. ವರ್ಷಕ್ಕೆ ನಾಲ್ಕು ಬೆರಳು ಅಂದರೂ ಇಪ್ಪತ್ತೈದು ವರ್ಷಕ್ಕೆ ಎಷ್ಟಾಯಿತು? ಯಾರೂ ಕದಿಯಲಿಲ್ಲ, ಯಾರೂ ಒತ್ತುವರಿ ಮಾಡಲಿಲ್ಲ. ಆದರೂ ಜಾಗ ಹೋಯಿತು.

ಇಲ್ಲಿ ಒಂದು ಮಾತು. ಲಂಟಾನವನ್ನು ಮೇಲೆ ಸವರಿದರೆ ಅದಕ್ಕೆ ಉಪಕಾರ ಮಾಡಿದ ಹಾಗೆ, ಒಂದಕ್ಕೆ ಹತ್ತು ಚಿಗುರು. ಹೂ ಬಿಡುವ ಮುಂಚೆ ಬುಡದ ಗಡ್ಡೆಯನ್ನು ನೆಲದೊಳಗೇ ಕಡಿದು, ಮೇಲಿನದ್ದನ್ನು ಬೇರು ಮೇಲಾಗಿ ತಲೆಕೆಳಗೆ ಒಣಗಲು ಇಡಬೇಕು. ಕಡಿದ ಕೊಂಬೆಯನ್ನು ಒದ್ದೆ ನೆಲದ ಮೇಲೆ ಎಳೆದು ಬಿಟ್ಟರೆ ಅಲ್ಲೇ ಹೊಸ ಬೇಲಿ ಏಳುತ್ತದೆ. ನಾವು ಮೊದಲ ದಿನ ಹೀಗೇ ಬಿಟ್ಟು ಬೈಸಿಕೊಂಡೆವು.

ಬೈದದ್ದು ಪಕ್ಕದ ಮನೆಯ ಅಜ್ಜ. ವಯಸ್ಸು ಎಂಬತ್ತು ದಾಟಿದೆ. ಜಗಲಿ ಬಿಟ್ಟು ಬಂದು, ಕಲ್ಲಿನ ಮೇಲೆ ಕೂತು ನಮ್ಮ ಕೆಲಸದ ಉಸ್ತುವಾರಿ ತಾವೇ ವಹಿಸಿಕೊಂಡರು. "ಮುಂಚೆ ಬೇಲಿ ಹಿಂಗೆ ಬೆಳೀತಿರಲಿಲ್ಲ ಕಣ್ರಪ್ಪಾ. ಬೆಳೆಯೋಕೆ ಬಿಟ್ರಲ್ವೇ? ಬೇಲಿ ಒಲೆಗೆ ಹೋಗೋದು" ಅಂದರು.

ಈ ಒಂದು ಮಾತು ನಮ್ಮ ಕಣ್ಣು ತೆರೆಸಿತು. ಬೇಲಿ ಅಂದರೆ ಹಿಂದೆ ಬರೀ ಗಡಿಯಲ್ಲ. ಬೆಳಗಿನ ಒಲೆಗೆ ಪುಳ್ಳೆ, ಸ್ನಾನದ ಹಂಡೆಗೆ ಸೌದೆ, ಮೇಕೆಗೆ ಸೊಪ್ಪು, ತಿಪ್ಪೆಗೆ ಹಸಿರೆಲೆ, ದನ ಕಟ್ಟಲು ಗೂಟ, ಹೆರಿಗೆಯಾದವಳ ನೀರಿಗೆ ಲಕ್ಕಿ ಸೊಪ್ಪು, ಸಾರಿಗೆ ತೊಂಡೆಕಾಯಿ. ಮನೆಯ ಹೆಂಗಸರು ದಿನಾ ಒಂದಿಷ್ಟು ಮುರಿಯುತ್ತಿದ್ದರು. ಬೇಲಿ ಸವರುವ ಕೆಲಸ ವರ್ಷಕ್ಕೊಮ್ಮೆ ಗಂಡಸರದ್ದು ಎಂದುಕೊಂಡಿದ್ದೆವು. ನಿಜವಾಗಿ ಅದನ್ನು ಹದ್ದಿನಲ್ಲಿ ಇಟ್ಟಿದ್ದು ದಿನದಿನದ ಹೆಂಗಸರ ಕೈ ಮತ್ತು ಮೇಕೆಯ ಬಾಯಿ. ಮನೆಗೆ ಗ್ಯಾಸ್ ಬಂತು, 2016ರ ಉಜ್ವಲ ಯೋಜನೆಯ ನಂತರ ಉಳಿದವರಿಗೂ ಬಂತು. ಹೊಗೆ ತಪ್ಪಿತು, ಅದು ಒಳ್ಳೆಯದೇ. ಮೇಕೆ ಮೇಯಿಸುವ ಹುಡುಗರು ಶಾಲೆಗೆ ಹೋದರು, ಅದೂ ಒಳ್ಳೆಯದೇ. ಬೇಲಿಯನ್ನು ತಿನ್ನುವವರು ಮಾತ್ರ ಯಾರೂ ಉಳಿಯಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಎರಡನೆಯ ಸಾಲು ಕಂಡಿತು. ಕತ್ತಾಳೆ. ಇದೂ ಅಮೆರಿಕದ ಕಡೆಯದೇ. ನಮ್ಮ ಸೀಮೆಯಲ್ಲಿ ಇದು ಹರಡಿದ್ದಕ್ಕೂ ರೈಲಿಗೂ ನಂಟಿದೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಬೆಂಗಳೂರು–ಹರಿಹರ ಹಳಿ ಕಡೂರು, ಬೀರೂರು, ಅಜ್ಜಂಪುರ ದಾಟಿ ಹೋಗಿತ್ತು. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು ಕವಲು ಒಡೆದಿತ್ತು. ಹಳಿ ಮೇಲೆ ದನ ಬಾರದಂತೆ ರೈಲ್ವೆಯವರು ನೆಡುತ್ತಿದ್ದ ಗಿಡಗಳಲ್ಲಿ ಕತ್ತಾಳೆ ಮುಖ್ಯವಾದದ್ದು. ನೀರು ಬೇಡ, ಮೇಕೆ ಮುಟ್ಟದು, ಮರಿ ಕಿತ್ತು ನೆಟ್ಟರೆ ಸಾಕು. ಅಲ್ಲಿಂದ ಹೊಲದ ಬದುವಿಗೆ, ಹಿತ್ತಲಿಗೆ. ಎಲೆ ಕೊಯ್ದು ಕೆರೆಯ ಮೂಲೆಯಲ್ಲಿ ಕೊಳೆ ಹಾಕಿ ನಾರು ತೆಗೆದು ಹಗ್ಗ ಹೊಸೆಯುತ್ತಿದ್ದರು. ಆ ನಾತ ಮರೆಯಲಾಗದು ಅಂತ ಅಜ್ಜ ಮೂಗು ಮುಚ್ಚಿ ತೋರಿಸಿದರು. ನೈಲಾನ್ ಹಗ್ಗ ಬಂದ ಮೇಲೆ ಕತ್ತಾಳೆಯನ್ನೂ ಯಾರೂ ಕೇಳಲಿಲ್ಲ.

ಬೇಲಿ ಯಾರಿಗಾಗಿ ಇತ್ತು ಎಂಬುದಕ್ಕೆ ಅಜ್ಜಂಪುರದ ಕಡೆ ಒಂದು ಸುತ್ತು ಹೋಗಿ ಬರಬೇಕು. ಮೂರೂ ತಾಲ್ಲೂಕಿನ ಬೇಲಿ ಒಂದೇ ತರಹ ಇಲ್ಲ. ತರೀಕೆರೆಯ ಅಡಿಕೆ ತೋಟಕ್ಕೆ ಅಗಳು ತೋಡಿ, ತೆಗೆದ ಮಣ್ಣನ್ನು ಏರಿ ಮಾಡಿ, ಏರಿಯ ಮೇಲೆ ಸೀಗೆ, ಬಿದಿರು, ಕಾಡುಗಿಡ. ಅಜ್ಜಂಪುರದ ಎರೆ ಹೊಲಕ್ಕೆ ಬೇಲಿಯೇ ಕಡಿಮೆ. ಹತ್ತಿ, ಈರುಳ್ಳಿ ಬೆಳೆಯುವ ಆ ಕಪ್ಪು ನೆಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಬರೀ ಬದು. ಬೇಲಿ ಬೇಕಾಗುತ್ತಿದ್ದುದು ಹಿತ್ತಲಿಗೆ, ಮತ್ತೆ ಕಾವಲಿನ ಮಗ್ಗುಲಿಗೆ.

ಕಾವಲು ಅಂದರೆ ಅಮೃತಮಹಲ್ ಕಾವಲು. ಮೈಸೂರು ಅರಸರ ದನದ ಹಿಂಡಿಗೆ ಮೀಸಲಿಟ್ಟ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಶುರುವಾದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಕೊಟ್ಟದ್ದು ಟಿಪ್ಪು. ಫಿರಂಗಿ ಎಳೆಯುವ, ಸೈನ್ಯದ ಸಾಮಾನು ಹೊರುವ ಎತ್ತುಗಳು ಇಲ್ಲಿ ತಯಾರಾಗುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಇಂಗ್ಲಿಷರ ಕೈ ಸೇರಿತು. 1860ರಲ್ಲಿ ಖರ್ಚು ಉಳಿಸುತ್ತೇವೆಂದು ಇಲಾಖೆ ಮುಚ್ಚಿ ದನ ಮಾರಿದರು. ಒಳ್ಳೆ ಎತ್ತು ಸಿಗದೆ ಪರದಾಡಿ 1866ರಲ್ಲಿ ಮತ್ತೆ ತೆರೆದರು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ 1929ರದ್ದು. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳಿದ್ದವು, ಹಿಂಡು ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು.

ಬಯಲಲ್ಲಿ ಬೆಳೆದ ಆ ದನ ಹೊಸಬರನ್ನು ಕಂಡರೆ ಕೊಂಬು ತಗ್ಗಿಸುವ ಜಾತಿ. ಅಂಥ ಹಿಂಡು ಹಾದು ಹೋಗುವ ದಾರಿ ಪಕ್ಕದ ಬಡವನ ಹಿತ್ತಲನ್ನು ನೆನೆಸಿಕೊಳ್ಳಿ. ಸರ್ಕಾರದ ದನವನ್ನು ಹೊಡೆಯುವಂತಿಲ್ಲ. ಊರ ದನವಾದರೆ ದೊಡ್ಡಿಗೆ ಅಟ್ಟಿ ದಂಡ ಕಟ್ಟಿಸಬಹುದಿತ್ತು, ಅದಕ್ಕೆಂದೇ ಊರೂರಲ್ಲಿ ದೊಡ್ಡಿ ಇತ್ತು. ಸರ್ಕಾರದ ದನಕ್ಕೆ ಮುಳ್ಳಿನ ಬೇಲಿಯೊಂದೇ ಉತ್ತರ. ಈಗ ಆ ಕಾವಲುಗಳಲ್ಲಿ ಬಹುಪಾಲು ಕರಗಿವೆ. ಉಳಿದವುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಕೃಷ್ಣಮೃಗ, ತೋಳ ಅಲ್ಲಿವೆ. ಕಡವೆಗಳು ಹೆಚ್ಚಿದ್ದ ಊರೇ ಕಡೂರಾಯಿತು ಅನ್ನುತ್ತಾರೆ ಹಿರಿಯರು. ಒಟ್ಟಿನಲ್ಲಿ ನಮ್ಮ ಸೀಮೆಯವರಿಗೆ ಬೇಲಿ ಇಲ್ಲದೆ ಬೆಳೆ ಇರಲಿಲ್ಲ.

ಮತ್ತೆ ಹಿತ್ತಲಿಗೆ ಬರೋಣ. ಕತ್ತಾಳೆ ಸಾಲಿನ ಹಿಂದೆ, ನೆರಳಿನಲ್ಲಿ ಸೊರಗಿದ ಒಂದಿಷ್ಟು ಪಾಪಾಸುಕಳ್ಳಿ ಸಿಕ್ಕಿತು. ದೋಸೆಯಂಥ ಹಾಳೆಗಳ ಮೇಲೆ ಹತ್ತಿ ಅಂಟಿಸಿದ ಹಾಗೆ ಬಿಳಿ ಬಿಳಿ. ನಮ್ಮಲ್ಲೊಬ್ಬಳು ಕಡ್ಡಿಯಲ್ಲಿ ಅದನ್ನು ಉಜ್ಜಿದಳು. ಕಡ್ಡಿ ಕೆಂಪಗಾಯಿತು. ರಕ್ತದಂಥ ಕೆಂಪು. ಊರ ಹುಡುಗರಿಗೆ ಇದು ಹಳೆಯ ಆಟ, ಹೋಳಿಗೆ ಮುಂಚೆ ಒಂದು ಹೋಳಿ. ಆ ಕೆಂಪಿನ ಹಿಂದೆ ದೊಡ್ಡ ಕಥೆ ಇದೆ.

ಮೆಕ್ಸಿಕೋದಲ್ಲಿ ಕಳ್ಳಿಯ ಮೇಲೆ ಸಾಕುವ ಒಂದು ಹುಳುವನ್ನು ಒಣಗಿಸಿ ಅರೆದರೆ ಜಗತ್ತಿನ ಅತ್ಯುತ್ತಮ ಕೆಂಪು ಬಣ್ಣ ಸಿಗುತ್ತಿತ್ತು. ಅದರ ವ್ಯಾಪಾರ ಸ್ಪೇನಿನವರ ಮುಷ್ಟಿಯಲ್ಲಿತ್ತು. ಇಂಗ್ಲಿಷರಿಗೆ ತಮ್ಮ ಅಧಿಕಾರಿಗಳ ಕೆಂಪು ಕೋಟಿಗೆ ಆ ಬಣ್ಣ ಬೇಕು, ಸ್ಪೇನಿಗೆ ದುಡ್ಡು ಕೊಡಲು ಮನಸ್ಸಿಲ್ಲ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳು ತಂದು ಕಲ್ಕತ್ತದಲ್ಲಿ ಇಳಿಸಿದ. ಈಸ್ಟ್ ಇಂಡಿಯಾ ಕಂಪನಿ ಖುಷಿಪಟ್ಟಿತು. ಆದರೆ ತಂದದ್ದು ತಪ್ಪು ಹುಳು. ಬಣ್ಣ ಕಳಪೆ. ಹೊಟ್ಟೆ ಮಾತ್ರ ದೊಡ್ಡದು, ಬೇಲಿಗೆಂದು ಬೆಳೆದಿದ್ದ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. 1836–38ರ ಸುಮಾರಿಗೆ ಅದನ್ನು ದಕ್ಷಿಣಕ್ಕೂ ತಂದರು, ಈ ಸಲ ಕಳ್ಳಿ ಕೊಲ್ಲಲೆಂದೇ. ಕಳೆಯನ್ನು ಹುಳು ಬಿಟ್ಟು ತಿನ್ನಿಸಬಹುದು ಎಂದು ಜಗತ್ತು ಕಲಿತ ಮೊದಲ ಪಾಠಗಳಲ್ಲಿ ಇದೊಂದು. ನಡೆದದ್ದು ನಮ್ಮ ನೆಲದಲ್ಲಿ, ಅದೂ ಬಣ್ಣದ ವ್ಯಾಪಾರ ಕೈಕೊಟ್ಟಿದ್ದರಿಂದ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹುಳು ಮುಟ್ಟದ ಇನ್ನೊಂದು ಜಾತಿಯ, ಹೆಚ್ಚು ಮುಳ್ಳಿನ ಕಳ್ಳಿ ಹಬ್ಬಿತು. ಮದರಾಸು ಪ್ರಾಂತ್ಯದಲ್ಲಿ ಊರುಗಳ ಸುತ್ತ ಹಾವು, ಹಂದಿ, ಗಲೀಜಿಗೆ ಇದೇ ಅಡಗುತಾಣ ಎಂದು ಅಧಿಕಾರಿಗಳು ದೂರಿದರು, ಕೂಲಿ ಕೊಟ್ಟು ಕಡಿಸಿದರು. ಕಡಿದ ಒಂದೊಂದು ಹಾಳೆಯೂ ಬಿದ್ದಲ್ಲೇ ಬೇರೂರಿತು. ಕೊನೆಗೆ 1926ರಲ್ಲಿ ಶ್ರೀಲಂಕಾದಿಂದ ಬೇರೆ ಹುಳು ತಂದು ಬಿಟ್ಟರು. ಕೆಲವೇ ವರ್ಷದಲ್ಲಿ ಸಾವಿರಾರು ಎಕರೆ ಕಳ್ಳಿ ಕೊಳೆತು ನೆಲಕ್ಕೆ ಒರಗಿತು. ಗೆಳತಿಯ ಕಡ್ಡಿಗೆ ಹತ್ತಿದ ಕೆಂಪು ಈ ಎರಡನೆಯ ಹುಳುವಿನ ಸಂತತಿಯದು.

ಇದನ್ನು ಸಾಧನೆ ಎಂದು ಬರೆಯುತ್ತಾರೆ, ಸರಿ. ಆದರೆ ಕಳ್ಳಿಯನ್ನೇ ನಂಬಿ ಹಿತ್ತಲು ಕಾಯುತ್ತಿದ್ದವನಿಗೆ ಒಂದು ದಿನ ಬೇಲಿಯೇ ಇಲ್ಲವಾಯಿತು ಎಂಬುದನ್ನು ಯಾರೂ ಬರೆದಂತೆ ಕಾಣುವುದಿಲ್ಲ. ಖಾಲಿ ಬಿದ್ದ ಜಾಗಕ್ಕೆ ಕಾದು ಕೂತಿದ್ದ ಲಂಟಾನ ಬಂತು. ನಮ್ಮ ಬೇಲಿಯಲ್ಲಿ ಕಳ್ಳಿಯ ಮೇಲೆ ಲಂಟಾನ ಹತ್ತಿ ಕೂತಿದ್ದ ರೀತಿ ನೋಡಿದರೆ ಹಾಗೇ ಅನ್ನಿಸುತ್ತದೆ. ಒಂದನ್ನು ತೆಗೆದಾಗ ಆ ಜಾಗದಲ್ಲಿ ಏನಿರಬೇಕು ಎಂದು ಯೋಚಿಸದಿದ್ದರೆ ಬೇಲಿ ತಾನೇ ಯೋಚಿಸುತ್ತದೆ. ಜೆಸಿಬಿಯಲ್ಲಿ ಎತ್ತಿಸಿದ ಬೇಲಿ ಎರಡು ಮಳೆಗಾಲದಲ್ಲಿ ಜಾಲಿ, ಕಾಂಗ್ರೆಸ್ ಗಿಡವಾಗಿ ವಾಪಸು ಬಂದದ್ದನ್ನು ನಾವು ಈ ಮೂರೂ ತಾಲ್ಲೂಕಿನಲ್ಲಿ ನೋಡಿದ್ದೇವೆ.

ಭಾನುವಾರ. ಎಲ್ಲಕ್ಕಿಂತ ಒಳಗಿನ ಸಾಲು. ಇವೆಲ್ಲ ನೆಲದ ಗಿಡಗಳು ಇಲ್ಲವೇ ಎಷ್ಟೋ ತಲೆಮಾರಿನಿಂದ ನೆಲೆ ನಿಂತವು. ಲಕ್ಕಿ, ಕಾರೆ, ತಂಗಡಿ, ಆಡುಸೋಗೆ, ಒಂದು ಮುದಿ ಹೊಂಗೆ, ಅದರ ಮೇಲೆ ಅಮೃತಬಳ್ಳಿ, ಗುಲಗಂಜಿ. ನಡುವೆ ಬೊಂತೆಗಳ್ಳಿ. ಇದರ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು, ಕಡಿಯುವವರು ಕನ್ನಡಕ ಹಾಕಿಕೊಳ್ಳಿ, ಗಾಳಿಗೆ ಎದುರು ನಿಲ್ಲಬೇಡಿ. ಎಲೆಯ ರಾಶಿಗೆ ಕೈ ಹಾಕುವ ಮುಂಚೆ ಕವೆಗೋಲಿನಲ್ಲಿ ಕೆದಕಿ. ನಮಗೆ ಸಿಕ್ಕಿದ್ದು ಕೊಳಕುಮಂಡಲದ ಪೊರೆ ಮಾತ್ರ. ಹಾವು ಎಲ್ಲಿ ಹೋಗಿತ್ತೋ, ದೇವರೇ ಬಲ್ಲ.

ಲಕ್ಕಿ ಗಿಡದ ಮಗ್ಗುಲಲ್ಲಿ ಮುಂಗೈ ದಪ್ಪದ ಒಂದು ಗಿಡ ನೆಟ್ಟಗೆ ನಿಂತಿತ್ತು. ಎಳೆ ಎಲೆ, ತುದಿಯಲ್ಲಿ ಕೆನ್ನೀಲಿ ಬಣ್ಣದ ಪುಟ್ಟ ಹಣ್ಣು. ಮಚ್ಚು ಎತ್ತಿದ್ದ ಗೆಳೆಯನ ಕೈ ಹಾಗೇ ನಿಂತಿತು. ಶ್ರೀಗಂಧ.

ಅಜ್ಜ ಎದ್ದು ನಿಂತರು. ಅವರ ಮುಖದಲ್ಲಿ ಕಂಡದ್ದು ಸಂತೋಷವಲ್ಲ, ಗಾಬರಿ. "ಕಿತ್ತಾಕ್ರಪ್ಪಾ ಮೊದ್ಲು. ಯಾರಿಗೂ ಹೇಳಬೇಡಿ. ಕಿತ್ತಾಕಿ ಬೆಂಕಿಗೆ ಹಾಕಿ."

ಆ ಗಾಬರಿಗೆ ಇನ್ನೂರು ವರ್ಷದ ವಯಸ್ಸು. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ಅರಸನ ಮರ ಎಂದು ಸಾರಿದ. ಅವನ ನಂತರ ಬಂದ ಅರಸರೂ ಇಂಗ್ಲಿಷರೂ ಅದನ್ನು ಬಿಟ್ಟುಕೊಡಲಿಲ್ಲ. ಬೊಕ್ಕಸಕ್ಕೆ ಅದು ದೊಡ್ಡ ಆದಾಯ. 1916ರಲ್ಲಿ ಮೈಸೂರಿನಲ್ಲಿ, 1944ರಲ್ಲಿ ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಸ್ವಾತಂತ್ರ್ಯ ಬಂದ ಮೇಲೂ, 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಮರ ಸರ್ಕಾರದ್ದೇ. ನೆಲ ನಿಮ್ಮದು, ಬೇಲಿ ನಿಮ್ಮದು, ಬೇಲಿಯಲ್ಲಿ ತಾನಾಗಿ ಹುಟ್ಟಿದ ಗಂಧದ ಮರ ಮಾತ್ರ ನಿಮ್ಮದಲ್ಲ. ಕಾಯುವ ಹೊಣೆ ನಿಮ್ಮದು. ಕಳ್ಳರು ಕಡಿದುಕೊಂಡು ಹೋದರೆ ಮೊದಲು ಉತ್ತರ ಹೇಳಬೇಕಾದವರೂ ನೀವೇ.

ರೈತ ಏನು ಮಾಡಬೇಕು? ಅಜ್ಜ ಮಾಡಿದ್ದನ್ನೇ ಊರವರೆಲ್ಲ ಮಾಡಿದರು. "ಬೇಲಿ ಸವರುವಾಗ ಗಂಧದ ಸಸಿ ಕಂಡರೆ ಮೊದಲು ಅದನ್ನ ಕೀಳು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದ. ಬೆರಳ ಗಾತ್ರ ಆಗೋದ್ರೊಳಗೆ ಕೀಳ್ಬೇಕು. ವರ್ಷಕ್ಕೆ ಐದಾರು ಕೀಳ್ತಿದ್ದೆ. ಐವತ್ತು ವರ್ಷ ಕಿತ್ತಿದೀನಿ." ಅಜ್ಜ ಒಬ್ಬರದ್ದೇ ಲೆಕ್ಕ ಹಾಕಿ. ಊರಿನದ್ದು, ತಾಲ್ಲೂಕಿನದ್ದು ಬೇಡ. ಗಂಧದ ನಾಡು ಎಂದು ಹಾಡುತ್ತೇವೆ. ಗಂಧ ಕಡಿಮೆಯಾದದ್ದಕ್ಕೆ ಕಳ್ಳರನ್ನು, ರೋಗವನ್ನು ದೂರುತ್ತೇವೆ, ಅದೂ ನಿಜವೇ. ಬೇಲಿ ಸವರುವ ಕುಡುಗೋಲಿಗೆ ಹೆದರಿದ ಕೈಯಲ್ಲಿ ಹೋದ ಸಸಿಗಳ ಲೆಕ್ಕ ಯಾವ ಕಡತದಲ್ಲೂ ಬಂದಿರಲಾರದು.

ಗಂಧಕ್ಕೆ ಬೇಲಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ಇದರ ವಿಪರ್ಯಾಸ. ಅದು ಅರೆ ಪರಾವಲಂಬಿ. ತನ್ನ ಬೇರನ್ನು ಅಕ್ಕಪಕ್ಕದ ಗಿಡದ ಬೇರಿಗೆ ಅಂಟಿಸಿ ನೀರು, ಸತ್ವ ಹೀರುತ್ತದೆ. ಒಂಟಿ ನೆಟ್ಟರೆ ಸೊರಗುತ್ತದೆ. ಪಿಕಳಾರ ಹಕ್ಕಿ ಹಣ್ಣು ತಿಂದು ಬೇಲಿ ಮೇಲೆ ಕೂತು ಬೀಜ ಉದುರಿಸುತ್ತದೆ, ಮುಳ್ಳಿನ ಮರೆಯಲ್ಲಿ ದನ ಮೇಕೆಯ ಬಾಯಿಗೆ ಸಿಗದೆ ಸಸಿ ಏಳುತ್ತದೆ. ಹಳೆಯ ಮೈಸೂರಿನ ಅರಣ್ಯ ಇಲಾಖೆಯವರೂ ಪೊದೆಗಳ ಬುಡದಲ್ಲೇ ಗಂಧದ ಬೀಜ ಊರುತ್ತಿದ್ದರು. ಹಕ್ಕಿ ಮಾಡುತ್ತಿದ್ದ ಕೆಲಸವನ್ನೇ ಅವರು ಸಂಬಳ ತೆಗೆದುಕೊಂಡು ಮಾಡಿದರು, ಅಷ್ಟೇ.

2001ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಜಮೀನಿನಲ್ಲಿರುವ ಗಂಧದ ಮರಕ್ಕೆ ಜಮೀನಿನವನೇ ಒಡೆಯ. ಕಡಿಯಲು, ಸಾಗಿಸಲು ಈಗಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಬೆಳೆಸಲು, ಬೇಲಿಯಲ್ಲಿ ಇಟ್ಟುಕೊಳ್ಳಲು ಹೆದರಬೇಕಿಲ್ಲ. ಇದನ್ನು ನಾವು ಅಜ್ಜನಿಗೆ ಎರಡು ಸಲ ಹೇಳಿದೆವು. ಅವರು ನಂಬಿದ ಹಾಗೆ ಕಾಣಲಿಲ್ಲ. "ಪೇಪರ್‌ನಲ್ಲಿ ಬಂದೈತಾ?" ಅಂತ ಕೇಳಿದರು. ಪೇಪರಿನವರೇ ನಾವು ಅಂದೆವು. ಅದು ಅವರಿಗೆ ಸಮಾಧಾನ ಕೊಡಲಿಲ್ಲ.

ಬಾಂದು ಕಲ್ಲು ಸಿಕ್ಕಿದ್ದು ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ, ಬೊಂತೆಗಳ್ಳಿಯ ಬುಡದಲ್ಲಿ, ಅರ್ಧ ಹೂತು, ಒಂದು ಕಡೆಗೆ ವಾಲಿ. ಮೈಸೂರು ಸೀಮೆಯಲ್ಲಿ ರೆವಿನ್ಯೂ ಸರ್ವೆ ಶುರುವಾದದ್ದು 1863ರಲ್ಲಿ. ಮೂವತ್ಮೂರು ಅಡಿಯ ಸರಪಳಿ ಎಳೆದು ಅಳೆದರು, ಆ ಸರಪಳಿಯ ಒಂದು ಚೌಕವೇ ಇವತ್ತಿನ ನಮ್ಮ ಒಂದು ಗುಂಟೆ. ಮೂಲೆಗಳಿಗೆ ಕಲ್ಲು ನೆಟ್ಟ ಪದ್ಧತಿ ಆ ಸರ್ವೆಯದ್ದು. ಬೇಲಿಗಿಂತ ಮುಂಚೆ ಕಲ್ಲೋ, ಕಲ್ಲಿಗಿಂತ ಮುಂಚೆ ಬೇಲಿಯೋ, ಈ ಹಿತ್ತಲಲ್ಲಿ ಹೇಳುವುದು ಕಷ್ಟ. ಕಲ್ಲಿದ್ದ ಕಡೆ ಬೇಲಿಯಿತ್ತು, ಬೇಲಿ ಮುಂದೆ ಹೋದಾಗ ಕಲ್ಲು ಹೋಗಲಿಲ್ಲ.

ಹೊಲದವನನ್ನು ಕರೆದೆವು. ಚಿಕ್ಕಪ್ಪನೂ ಬಂದರು. ಕಲ್ಲಿನಿಂದ ಆಚೆ ಕಡೆಯ ಕಲ್ಲಿಗೆ ಕತ್ತಾಳೆ ಹಗ್ಗ ಇರಲಿಲ್ಲ, ನೈಲಾನ್ ಹಗ್ಗವನ್ನೇ ಕಟ್ಟಿದೆವು. ಬೇಲಿಯ ಹೊರ ಅಂಚು ಹಗ್ಗದಿಂದ ಹನ್ನೊಂದು ಅಡಿ ಆಚೆಗಿತ್ತು. ಹೊಲದವನು ಹೇಳಿದ್ದೇ ನಿಜ. ಚಿಕ್ಕಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಟವಲ್ ತೆಗೆದು ಮುಖ ಒರೆಸಿಕೊಂಡರು. ಆಮೇಲೆ, "ನಾನು ನೆಡಲಿಲ್ಲ ಕಣೋ, ಅದು ತಾನೇ ಬಂತು" ಅಂದರು. ಹೊಲದವನು, "ನೀನು ನೆಟ್ಟೆ ಅಂತ ನಾನೆಲ್ಲಿ ಅಂದೆ ಅಣ್ಣ, ಬೇಲಿ ನಡಕೊಂಡು ಬಂತು ಅಂದೆ" ಅಂದ. ಎರಡು ವರ್ಷದ ನಂತರ ಆ ಮನೆಗಳ ನಡುವೆ ಅಣ್ಣ ಎಂಬ ಮಾತು ಬಂದದ್ದು ಅದೇ ಮೊದಲು ಅಂತ ಚಿಕ್ಕಮ್ಮ ನಮಗೆ ಆಮೇಲೆ ಹೇಳಿದರು.

ಗಂಧದ ಗಿಡ ಹಗ್ಗದ ಆಚೆಗಿತ್ತು, ಮೂರು ಅಡಿ ಹೊಲದೊಳಗೆ. ಅಂದರೆ ಅದು ಹೊಲದವನದ್ದು. ಇಷ್ಟು ವರ್ಷ ಅದನ್ನು ಮುಚ್ಚಿಟ್ಟು ಕಾಪಾಡಿದ್ದು ಚಿಕ್ಕಪ್ಪನ ಸವರದ ಬೇಲಿ. ಇದನ್ನು ಯಾರೋ ತಮಾಷೆಗೆ ಹೇಳಿದಾಗ ಇಬ್ಬರೂ ನಕ್ಕರು, ಆದರೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಗ್ಗ ಕಟ್ಟಿದ್ದು ನಾವು, ಅದಕ್ಕೆ ಬೆಲೆಯಿಲ್ಲ, ಭೂಮಾಪಕರು ಬಂದು ಅಳೆಯಬೇಕು. ಹದ್ದುಬಸ್ತಿಗೆ ಅರ್ಜಿ ಹಾಕುವುದೆಂದು ಅಲ್ಲೇ ಮಾತಾಯಿತು. ಖರ್ಚು ಸಮಪಾಲು.

ಸೋಮವಾರ ಜೆಸಿಬಿ ಬಂತು, ಬರಲಿ ಅಂತ ಚಿಕ್ಕಪ್ಪನೇ ಅಂದಿದ್ದರು. ಜಾಲಿ, ಲಂಟಾನದ ಬುಡ ಮಾತ್ರ ಎತ್ತುವುದು, ಹೊಂಗೆ, ಲಕ್ಕಿ ಮುಟ್ಟುವ ಹಾಗಿಲ್ಲ ಅಂತ ಡ್ರೈವರ್‌ಗೆ ಹೇಳಿದ್ದಾಯಿತು. ಬಾಂದು ಕಲ್ಲಿಗೆ ಸುಣ್ಣ ಬಳಿದಿದ್ದರು. ಹೊಲದವನ ಹೆಂಡತಿ ಬೆಳಿಗ್ಗೆಯೇ ಬಂದು, ಡ್ರೈವರ್ ಕಣ್ಣಿಗೆ ಕಾಣಲಿ ಅಂತ, ತನ್ನ ಹಳೆಯ ಕೆಂಪು ಸೀರೆಯ ತುಂಡೊಂದನ್ನು ಗಂಧದ ಗಿಡಕ್ಕೆ ಸುತ್ತಿ ಹೋಗಿದ್ದಳು. ಅಜ್ಜ ಜಗಲಿಯಲ್ಲೇ ಕೂತು ಆ ಕೆಂಪನ್ನು ನೋಡುತ್ತಿದ್ದರು. ಹತ್ತಿರ ಬರಲಿಲ್ಲ.